ಪಾವು ಯಾವ ಗುಂಪಿಗೆ?

ಮೊದಲು ಒಂದು ಆಟ. ಕೆಳಗೆ ಹದಿನಾರು ಪದ ಇವೆ. ನಾಲ್ಕು ನಾಲ್ಕು ಪದಗಳ ನಾಲ್ಕು ಗುಂಪು ಮಾಡಬೇಕು. ಒಂದು ಪದ ಒಂದೇ ಗುಂಪಿಗೆ ಹೋಗಬೇಕು, ಯಾವುದೂ ಮಿಗಬಾರದು.

ಪಾವು, ನೊಗ, ಸ್ವಾತಿ, ಪಾಲು
ಸೇರು, ಹಸ್ತ, ಕುಂಟೆ, ಬಳ್ಳ
ಪದ, ಕೂರಿಗೆ, ಕೊಳಗ, ಭರಣಿ
ಹಲುಬೆ, ಪಾಡು, ರೋಹಿಣಿ, ಖಂಡುಗ

ಇದನ್ನ ಕಟ್ಟಿದವನು ನಾನೇ. ಆಫೀಸಿನಲ್ಲಿ ಮಧ್ಯಾಹ್ನ ಊಟ ಆದಮೇಲೆ ನಮ್ಮ ಟೀಮಿನವರೆಲ್ಲ ಮೊಬೈಲ್ ಹಿಡಿದು 'ಕನೆಕ್ಷನ್ಸ್' ಅನ್ನೋ ಇಂಗ್ಲಿಷ್ ಆಟ ಆಡ್ತಾರೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2023ರ ಜೂನ್‌ನಲ್ಲಿ ಶುರು ಮಾಡಿದ್ದು. ದಿನಕ್ಕೊಂದು, ಹದಿನಾರು ಪದ, ನಾಲ್ಕು ತಪ್ಪಾದರೆ ಆಟ ಮುಗೀತು. ಸುಲಭದ ಗುಂಪಿಗೆ ಹಳದಿ ಬಣ್ಣ, ಆಮೇಲೆ ಹಸಿರು, ನೀಲಿ, ಕಷ್ಟದ್ದಕ್ಕೆ ನೇರಳೆ. ನಾನು ಆಡಿದಾಗೆಲ್ಲ ಸೋಲ್ತಿದ್ದೆ. ಇಂಗ್ಲಿಷ್ ಬರಲ್ಲ ಅಂತಲ್ಲ. ಪದ ಎಲ್ಲಾ ಗೊತ್ತಿರುತ್ತೆ, ಆದರೆ ಅವರ ಬೇಸ್‌ಬಾಲ್ ತಂಡಗಳು, ಅವರ ಚಾಕೊಲೇಟ್ ಹೆಸರುಗಳು, ಅವರು ಚಿಕ್ಕಂದಿನಲ್ಲಿ ನೋಡಿದ ಟಿವಿ ಕಾರ್ಯಕ್ರಮ ನನಗೆಲ್ಲಿಂದ ಗೊತ್ತಾಗಬೇಕು? ಒಂದು ದಿನ ರೋಸಿ ಹೋಗಿ, ನಮ್ಮ ಹೆಗ್ಗಡದೇವನಕೋಟೆ ಕಡೆಯ ಮಾತಲ್ಲೇ ಒಂದನ್ನ ಕಟ್ಟಿ ಬೆಂಗಳೂರಲ್ಲಿರೋ ಅಕ್ಕನ ಮಗಳಿಗೆ ಕಳಿಸಿದೆ. ಅವಳಿನ್ನೂ ಹೈಸ್ಕೂಲು. ಅವಳು ಅದನ್ನ ಬಿಡಿಸಿದ ರೀತಿ ನೋಡಿ ಶುರುವಾದ ಯೋಚನೆಯೇ ಈ ಬರಹ. ಉತ್ತರ ಹೇಳ್ತೀನಿ, ಆದರೆ ಅದಕ್ಕೆ ಮೊದಲು ಈ ಆಟದ ಚರಿತ್ರೆ ಸ್ವಲ್ಪ ನೋಡೋಣ. ಬಿಡಿಸುವ ಉಪಾಯಗಳೆಲ್ಲ ಅದರೊಳಗೇ ಇವೆ.

ಇಂಥ ಆಟ ಹೊಸದೇನಲ್ಲ ಅಂತ ಆಡುವವರಿಗೆ ಗೊತ್ತು. ಬಿಬಿಸಿಯಲ್ಲಿ 2008ರಿಂದ ಬರುತ್ತಿರುವ 'ಓನ್ಲಿ ಕನೆಕ್ಟ್' ಕ್ವಿಜ್‌ನಲ್ಲಿ ಹದಿನಾರು ಪದದ ಗೋಡೆಯೊಂದನ್ನು ಒಡೆಯುವ ಸುತ್ತು ಇದೆ. ಅದಕ್ಕೂ ಹಿಂದಿನದು ಪದಬಂಧ. ಆರ್ಥರ್ ವಿನ್ ಅನ್ನುವವರು 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಅಚ್ಚು ಮಾಡಿದ್ದು ಅದರ ಮೊದಲ ರೂಪ. ಕನ್ನಡ ಪತ್ರಿಕೆಗಳಲ್ಲಿ ಪದಬಂಧ ಎಷ್ಟು ಬೇರೂರಿದೆ ಅಂದರೆ ಅ.ನಾ. ಪ್ರಹ್ಲಾದರಾವ್ ಒಬ್ಬರೇ 40,000ಕ್ಕೂ ಹೆಚ್ಚು ಪದಬಂಧ ರಚಿಸಿ ಲಿಮ್ಕಾ ದಾಖಲೆ ಪುಸ್ತಕ ಸೇರಿದ್ದಾರೆ. ಆದರೆ ಪದಬಂಧದಲ್ಲಿ ಮನೆ ಲೆಕ್ಕ ಇರುತ್ತೆ, ಇಂತಿಷ್ಟು ಅಕ್ಷರ ಅಂತ. ಕನ್ನಡದಲ್ಲಿ ಅಕ್ಷರ ಅಂದರೇನು ಅನ್ನೋದೇ ಕಂಪ್ಯೂಟರಿಗೆ ತಲೆನೋವು. 'ಸ್ವಾತಿ' ನಮ್ಮ ಕಣ್ಣಿಗೆ ಎರಡೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು ಸಂಕೇತ. ಗುಂಪಿನ ಆಟಕ್ಕೆ ಆ ತೊಂದರೆಯೇ ಇಲ್ಲ. ಪದ ಪೂರ್ತಿಯಾಗಿ ಇರುತ್ತೆ, ಅದರ ನೆಂಟರು ಯಾರು ಅಂತ ಹುಡುಕಿದರೆ ಸಾಕು.

ಕನ್ನಡ ಮೀಡಿಯಮ್ಮಿನಲ್ಲಿ ಓದಿದವರಿಗೆಲ್ಲ ಇದು ಗೊತ್ತಿರೋ ಕೆಲಸವೇ. ಪಾಠದ ಕೊನೆಯಲ್ಲಿ 'ಗುಂಪಿಗೆ ಸೇರದ ಪದವನ್ನು ಆರಿಸಿ ಬರೆಯಿರಿ' ಅಂತ ಪ್ರಶ್ನೆ ಇರ್ತಿತ್ತಲ್ಲ, ಒಂದೊಂದು ಅಂಕದ್ದು? ನಾಲ್ಕರಲ್ಲಿ ಮೂರು ನೆಂಟರು, ಒಂದು ಹೊರಗಿನದು. ಅದನ್ನೇ ಹದಿನಾರಕ್ಕೆ ಹಿಗ್ಗಿಸಿದರೆ ಈ ಆಟ.

ಆದರೆ ಪದಗಳನ್ನ ನೆಂಟಸ್ತಿಕೆ ನೋಡಿ ಗುಂಪು ಕಟ್ಟೋದು ಅದಕ್ಕಿಂತ ಬಹಳ ಹಳೇ ವಿದ್ಯೆ. ಈಗ ನಿಘಂಟು ಅಂದರೆ ಅಕಾರಾದಿ ಅಂತಲೇ ನಮ್ಮ ತಲೆಯಲ್ಲಿದೆ. ಹಳೇ ನಿಘಂಟುಗಳು ಹಾಗಿರಲಿಲ್ಲ. ಸಂಸ್ಕೃತದ ಅಮರಕೋಶವನ್ನೇ ತಗೊಳ್ಳಿ. ಸುಮಾರು 1,500 ಶ್ಲೋಕ, ಮೂರು ಕಾಂಡ. ಒಳಗೆ ಎಲ್ಲಾ 'ವರ್ಗ'ಗಳು, ಅಂದರೆ ಗುಂಪುಗಳು. ಸ್ವರ್ಗದ್ದೊಂದು, ಕಾಲದ್ದೊಂದು, ಕಾಡಿನ ಗಿಡಮರಗಳದ್ದೊಂದು, ಸಿಂಹ ಮೊದಲಾದ ಪ್ರಾಣಿಗಳದ್ದೊಂದು. ಪುಸ್ತಕ ತೆರೆದು ಹುಡುಕೋದಕ್ಕಲ್ಲ, ಬಾಯಿಪಾಠ ಮಾಡೋದಕ್ಕೆ ಬರೆದದ್ದು. ಬಾಯಿಪಾಠಕ್ಕೆ ಅಕಾರಾದಿಗಿಂತ ಗುಂಪೇ ಅನುಕೂಲ. ಒಂದು ನೆನಪಾದರೆ ಅದರ ಹಿಂದೆ ಉಳಿದವು ಬರುತ್ತವೆ.

ಕನ್ನಡದವರೂ ಈ ದಾರಿಯಲ್ಲೇ ನಡೆದರು. ಗದಾಯುದ್ಧ ಬರೆದ ರನ್ನನ ಹೆಸರಿನಲ್ಲಿ ಒಂದು ನಿಘಂಟು ಇದೆ, 'ರನ್ನಕಂದ' ಅಂತ. ಅದರ ಕೆಲವೇ ಕಂದಪದ್ಯಗಳು ನಮಗೆ ಸಿಕ್ಕಿರೋದು. ಆಮೇಲೆ ಕಲ್ಯಾಣ ಚಾಲುಕ್ಯರ ಕಾಲದ ನಾಗವರ್ಮ 'ಅಭಿಧಾನವಸ್ತುಕೋಶ' ಬರೆದು ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಕೊಟ್ಟ. 1398ರಲ್ಲಿ ಅಭಿನವ ಮಂಗರಾಜ ತನ್ನ ನಿಘಂಟು ಬರೆದ. 16ನೇ ಶತಮಾನದ ಲಿಂಗಮಂತ್ರಿಯ 'ಕಬ್ಬಿಗರ ಕೈಪಿಡಿ' ನನಗೆ ಇವೆಲ್ಲಕ್ಕಿಂತ ಇಷ್ಟ. ಅದು ಸಂಸ್ಕೃತಕ್ಕೆ ಕನ್ನಡ ಅರ್ಥ ಕೊಡೋದಲ್ಲ, ಹಳಗನ್ನಡಕ್ಕೆ ಆಗಿನ ಕಾಲದ ಕನ್ನಡದಲ್ಲಿ ಅರ್ಥ ಕೊಡೋದು. ಅಂದರೆ ಐನೂರು ವರ್ಷದ ಹಿಂದೆಯೇ ಕನ್ನಡದವರಿಗೆ ಕನ್ನಡದ್ದೇ ಪದಗಳು ಅಪರಿಚಿತ ಆಗಿದ್ದವು, ಯಾರೋ ಒಬ್ಬ ಕೂತು ಕೈಪಿಡಿ ಬರೆಯಬೇಕಾಯ್ತು.

ಈಗ ಮೊದಲ ಉಪಾಯ. ಈ ಹಳೇ ಕೋಶಗಳಲ್ಲಿ 'ನಾನಾರ್ಥ' ಅನ್ನುವ ಭಾಗ ಬೇರೆಯೇ ಇರುತ್ತೆ. ಅಮರಕೋಶದಲ್ಲಿ ಅದಕ್ಕೆ ಒಂದು ವರ್ಗವೇ ಇದೆ. ಯಾವ ಪದ ಒಂದೇ ಗುಂಪಿಗೆ ಸೇರದೆ ನಾಲ್ಕಾರು ಗುಂಪಿಗೆ ಸೇರುತ್ತೋ ಅದನ್ನೆಲ್ಲ ಹೆಕ್ಕಿ ಅಲ್ಲಿಟ್ಟಿದ್ದಾರೆ. 'ಹರಿ' ಅಂದರೆ ವಿಷ್ಣು, ಸಿಂಹ, ಕುದುರೆ, ಕೋತಿ, ಕಪ್ಪೆ, ಸೂರ್ಯ, ಗಾಳಿ ಹೀಗೆ ಸಾಲು ಹೋಗುತ್ತೆ. ಕನ್ನಡಕ್ಕೆ ಬಂದರೆ ನೀರೂ ಹರಿಯುತ್ತೆ, ಬಟ್ಟೆಯೂ ಹರಿಯುತ್ತೆ. ಒಗಟು ಕಟ್ಟುವವನ ಬಂಡವಾಳ ಪೂರ್ತಿ ಇರೋದೇ ಈ ನಾನಾರ್ಥದಲ್ಲಿ. ಹಾಗಾಗಿ ಬಿಡಿಸುವವರು ಮೊದಲು ಮಾಡಬೇಕಾದ್ದು ಗುಂಪು ಹುಡುಕೋದಲ್ಲ, ಎರಡು ಮನೆಗೆ ಕಾಲಿಟ್ಟಿರೋ ಪದ ಯಾವುದು ಅಂತ ಹುಡುಕೋದು.

ನಮ್ಮ ಹದಿನಾರರಲ್ಲಿ ಕಣ್ಣಿಗೆ ಮೊದಲು ಬೀಳೋದು ಅಳತೆ. ಪಾವು, ಸೇರು, ಬಳ್ಳ, ಕೊಳಗ. ಅಕ್ಕನ ಮಗಳಿಗೆ ಪಾವು ಸೇರು ಗೊತ್ತಿತ್ತು, ಅವಳಜ್ಜಿ ಈಗಲೂ ಅಕ್ಕಿ ಹಾಕೋದು ಪಾವಿನಲ್ಲೇ. ನಾಲ್ಕು ಪಾವಿಗೆ ಒಂದು ಸೇರು. ನಾಲ್ಕೂ ಒತ್ತಿ ಕಳಿಸಿದಳು, ತಪ್ಪು. ಯಾಕೆ? ಖಂಡುಗವೂ ಇದೆಯಲ್ಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಹಳೇ ಶಾಸನಗಳಲ್ಲಿ ಗದ್ದೆ ದಾನ ಕೊಡುವಾಗ ಇಂತಿಷ್ಟು ಖಂಡುಗ ಅಂತ ಬರೆಸ್ತಿದ್ದರು, ಅಷ್ಟು ಬಿತ್ತನೆ ಹಿಡಿಯೋ ಭೂಮಿ ಅಂತ. ಕಾಳಿನ ಅಳತೆಯೇ ನೆಲದ ಅಳತೆಯೂ ಆಗಿತ್ತು. ಒಟ್ಟು ಐದು ಅಳತೆ ಇದ್ದ ಮೇಲೆ ಒಂದು ಕಳ್ಳ. ಎರಡನೇ ಉಪಾಯ ಇದೇ: ನಾಲ್ಕು ಸಿಕ್ಕಿತು ಅಂತ ಖುಷಿಯಲ್ಲಿ ಒತ್ತಬೇಡಿ, ಐದನೆಯದು ಇದೆಯಾ ನೋಡಿ. ಇದ್ದರೆ ಆ ಗುಂಪನ್ನ ಪಕ್ಕಕ್ಕಿಟ್ಟು ಬೇರೆ ಕಡೆಯಿಂದ ಬನ್ನಿ.

ಬೇರೆ ಕಡೆ ಅಂದರೆ ಮಳೆ. ಭರಣಿ, ರೋಹಿಣಿ, ಹಸ್ತ, ಸ್ವಾತಿ. ಇದರಲ್ಲೂ ಜಾರುವ ಜಾಗ ಉಂಟು. ಭರಣಿ ಅಂದರೆ ಉಪ್ಪಿನಕಾಯಿ ಜಾಡಿ, ಕೊಳಗ ಬಳ್ಳಗಳ ಪಕ್ಕ ಪಾತ್ರೆ ಅಂತ ಕೂರಬಹುದು. ಹಸ್ತ ಅಂದರೆ ಕೈ. ರೋಹಿಣಿ, ಸ್ವಾತಿ ಅವಳ ಕ್ಲಾಸಿನಲ್ಲಿರೋ ಹುಡುಗಿಯರ ಹೆಸರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಭರಣಿ ಏಪ್ರಿಲ್ ಕೊನೆಯಿಂದ ಮೇ ಮೊದಲ ಭಾಗದ್ದು, ಸ್ವಾತಿ ಅಕ್ಟೋಬರ್ ಕೊನೆಗೆ ಶುರು. ಇದನ್ನ ಅವಳು 'ನಕ್ಷತ್ರಗಳು' ಅಂತ ಹಿಡಿದಳು. ನಾನು ಗುಂಪಿಗಿಟ್ಟ ಹೆಸರು 'ಮಳೆಗಳು'. ನಾಲ್ಕು ಪದ ಅವೇ, ಅಂಕ ಪೂರ್ತಿ ಬಂತು. ಆದರೆ ಅವಳು ಕಂಡದ್ದು ಆಕಾಶ, ನಾನು ಇಟ್ಟದ್ದು ಹೊಲ.

ಮೂರನೇ ಉಪಾಯ ನೇರಳೆ ಗುಂಪಿಗೆ. ಅರ್ಥ ಹಿಡಿದು ಎಲ್ಲೂ ಸಾಲದಿದ್ದಾಗ ಅರ್ಥ ಬಿಟ್ಟು ಉಲಿ ನೋಡಿ. ಪಾಲು, ಪಾಡು, ಪದ, ಪಾವು. ಪಾಲು ಅಂದರೆ ಭಾಗ, ಪಾಡು ಅಂದರೆ ಅವಸ್ಥೆ, ಒಂದಕ್ಕೊಂದು ಸಂಬಂಧವಿಲ್ಲ. ಈಗ ಮೊದಲ ಪ ತೆಗೆದು ಹ ಹಾಕಿ. ಹಾಲು, ಹಾಡು, ಹದ, ಹಾವು. ಅಳತೆಗಳ ಮಧ್ಯೆ ಅಡಗಿದ್ದ ಕಳ್ಳ ಪಾವು. ಹಳಗನ್ನಡದಲ್ಲಿ ಹಾವಿಗೆ ಪಾವು ಅಂತಲೇ ಅನ್ನೋದು.

ಇದು ಬರೀ ಆಟದ ಚಮತ್ಕಾರ ಅಲ್ಲ, ಕನ್ನಡದ ಚರಿತ್ರೆಯ ದೊಡ್ಡ ತಿರುವು. ಹಳಗನ್ನಡದಲ್ಲಿ ಪ ಇಂದ ಶುರುವಾಗ್ತಿದ್ದ ಅಚ್ಚಗನ್ನಡ ಪದಗಳು ನಿಧಾನವಾಗಿ ಹ ಕಡೆಗೆ ಹೊರಳಿದವು. ಪುಲಿ ಹುಲಿ ಆಯ್ತು, ಪೂ ಹೂ ಆಯ್ತು. ಕೇಶಿರಾಜ ಸುಮಾರು 1260ರಲ್ಲಿ 'ಶಬ್ದಮಣಿದರ್ಪಣ' ಬರೆಯುವ ಹೊತ್ತಿಗೆ ಎರಡು ರೂಪವೂ ಬಳಕೆಯಲ್ಲಿತ್ತು. ಆ ಪುಸ್ತಕದಲ್ಲಿ ಆತ ೞ ಅಕ್ಷರ ಬರುವ ಪದಗಳನ್ನೂ ಪಟ್ಟಿ ಮಾಡಿದ್ದಾನೆ, ಜನ ಅದನ್ನ ಳ ಜೊತೆ ಕಲಸದಿರಲಿ ಅಂತ. ಕಲಸಿಹೋಗುವ ಪದಗಳನ್ನ ಗುಂಪು ಮಾಡಿ ಕಾಪಾಡೋ ಪ್ರಯತ್ನ ಅದು. ಫಲ ಕೊಡಲಿಲ್ಲ ಬಿಡಿ, ೞ ಹೋಗೇಬಿಟ್ಟಿತು.

ಈ ಪ-ಹ ಕಥೆ ನೋಡೋಕೆ ಪುಸ್ತಕ ಬೇಕಿಲ್ಲ, ನಮ್ಮ ಕಡೆ ಬಸ್ಸಿನ ಬೋರ್ಡು ಸಾಕು. ಹೆಗ್ಗಡದೇವನಕೋಟೆಯ 'ಹೆಗ್ಗಡೆ' ಹಿಂದೆ 'ಪೆರ್ಗಡೆ' ಆಗಿತ್ತು. ನಮ್ಮ ಜಿಲ್ಲೆಯದೇ ಇನ್ನೊಂದು ತಾಲ್ಲೂಕು ಪಿರಿಯಾಪಟ್ಟಣ. 'ಪಿರಿಯ' ಅಂದರೆ ಈಗಿನ 'ಹಿರಿಯ'. ನಮ್ಮೂರು ಹ ಹಿಡಿಯಿತು, ಅವರೂರು ಪ ಬಿಡಲಿಲ್ಲ. ಸಾವಿರ ವರ್ಷದ ಬದಲಾವಣೆಯ ಎರಡು ತುದಿ ಒಂದೇ ಜಿಲ್ಲೆಯ ಎರಡು ಬೋರ್ಡಿನಲ್ಲಿವೆ.

ಇನ್ನೊಂದು ತುದಿಯೂ ಇದೆ. ನಮ್ಮವ್ವ ಹಾವಿಗೆ 'ಆವು' ಅಂತಾಳೆ, ಹಾಲಿಗೆ 'ಆಲು'. ಪಾವು, ಹಾವು, ಆವು. ಪ ಹ ಆಯ್ತು, ಹ ಬಿದ್ದೇಹೋಯ್ತು. ನಾನು ಚಿಕ್ಕವನಿದ್ದಾಗ ಸ್ಕೂಲಿನಲ್ಲಿ 'ಆಲು' ಅಂದಿದ್ದಕ್ಕೆ ಬೆಂಚಿನ ಮೇಲೆ ನಿಂತಿದ್ದೀನಿ. ಆಮೇಲೆ ಕಷ್ಟಪಟ್ಟು ಹ ಕಲಿತೆ, ಎಷ್ಟು ಕಲಿತೆ ಅಂದರೆ ಅಕ್ಕಿಗೂ 'ಹಕ್ಕಿ' ಅಂತ ಹೇಳಿ ಮತ್ತೆ ನಗೆಪಾಟಲಾದೆ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲೂ ಬಾಯಿ ತೆಗೆಯೋಕೆ ಮುಂಚೆ ಒಂದು ಸಲ ಹ ಎಲ್ಲೆಲ್ಲಿ ಬರುತ್ತೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕ್ತಿದ್ದೆ. ಪ ಹೋಗಿ ಹ ಬಂದದ್ದನ್ನ ಭಾಷೆಯ ಬೆಳವಣಿಗೆ ಅಂತ ಓದ್ತೀವಿ. ಹ ಹೋದದ್ದಕ್ಕೆ ಮಾತ್ರ ಹಳ್ಳಿ ಗುಗ್ಗು ಅಂತೀವಿ. ಎರಡೂ ನಾಲಿಗೆ ಮಾಡಿದ ಒಂದೇ ಥರದ ಕೆಲಸ ಅಂತ ನನಗೆ ಅರ್ಥವಾಗೋಕೆ ಮೂವತ್ತು ವರ್ಷ ಬೇಕಾಯ್ತು.

ಗುಂಪಿನ ನಿಘಂಟು ಬಿಟ್ಟು ಅಕಾರಾದಿಗೆ ನಾವು ಬಂದದ್ದು ಅಚ್ಚಿನ ಕಾಲದಲ್ಲಿ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದ ಇವೆ. ಒಂದೇ ರೂಪದ ಬೇರೆ ಬೇರೆ ಪದಗಳಿಗೆ 1, 2, 3 ಅಂತ ಸಂಖ್ಯೆ ಕೊಟ್ಟು ಬಿಡಿಸಿಟ್ಟಿದ್ದಾರೆ. ನಾನಾರ್ಥ ವರ್ಗ ಬೇಕಾಗೇ ಇಲ್ಲ. ಹುಡುಕುವವನಿಗೆ ಇದಕ್ಕಿಂತ ಒಳ್ಳೆ ಏರ್ಪಾಡಿಲ್ಲ, ನಮ್ಮ ಡೇಟಾಬೇಸಿನ ಇಂಡೆಕ್ಸ್ ಇದ್ದ ಹಾಗೆ. ಆದರೆ ಒಂದು ಸಂಗತಿ ಇದೆ. ಅಕಾರಾದಿಯಲ್ಲಿ ಕುಂಟೆಯ ಪಕ್ಕ ಕುಂಟು ಇರುತ್ತೆ, ಕೂರಿಗೆ ಎಷ್ಟೋ ಪುಟದಾಚೆ, ನೊಗ ಇನ್ನೂ ದೂರ. ಪದ ಗೊತ್ತಿದ್ದವನಿಗೆ ಅರ್ಥ ಸಿಗುತ್ತೆ. ಪದವೇ ಗೊತ್ತಿಲ್ಲದವನಿಗೆ ಅದರ ಮನೆ ಸಿಗಲ್ಲ. ಹಾಗಾಗಿ ಈ ಹೊಸ ಆಟ ಮಾಡ್ತಿರೋದು ಅಕಾರಾದಿ ಬಿಡಿಸಿದ ಸಂಸಾರವನ್ನ ಮತ್ತೆ ಕೂಡಿಸೋ ಕೆಲಸ ಅಂತ ನನಗನ್ನಿಸುತ್ತೆ.

ಹಾಗಂತ ಹಳೇ ಗುಂಪುಗಳೆಲ್ಲ ಒಳ್ಳೆಯವು ಅಂತಲ್ಲ. ಅಮರಕೋಶದ ಎರಡನೇ ಕಾಂಡದಲ್ಲಿ ಮನುಷ್ಯರ ವಿಷಯ ಬಂದಾಗ ವರ್ಗಗಳ ಹೆಸರು ನೋಡಿ: ಬ್ರಹ್ಮವರ್ಗ, ಕ್ಷತ್ರಿಯವರ್ಗ, ವೈಶ್ಯವರ್ಗ, ಶೂದ್ರವರ್ಗ. ಯಜ್ಞದ ಪದಗಳು ಮೊದಲನೆಯದಕ್ಕೆ, ಕತ್ತಿ ಕುದುರೆ ಎರಡನೆಯದಕ್ಕೆ, ನೇಗಿಲು ಮೂರನೆಯದಕ್ಕೆ, ಕುಶಲಕರ್ಮಿಗಳು ಕೊನೆಯದಕ್ಕೆ. ಪದ ಜೋಡಿಸುವ ನೆಪದಲ್ಲಿ ಜನರನ್ನೂ ಜೋಡಿಸಿಟ್ಟಿದ್ದಾರೆ. ಗುಂಪು ಕಟ್ಟುವವನ ಕಣ್ಣು ಎಲ್ಲಿಂದ ನೋಡುತ್ತೋ ಗುಂಪು ಹಾಗೇ ಬೀಳುತ್ತೆ. ನಾಲ್ಕನೇ ಉಪಾಯ ಅದಕ್ಕೇ ಇದು: ಪದ ನೋಡೋದರ ಜೊತೆಗೆ ಕಟ್ಟಿದವನು ಯಾರು, ಎಲ್ಲಿಯವನು, ಏನು ತಿಂದು ಬೆಳೆದವನು ಅಂತ ಯೋಚಿಸಿ. ನಾನು ಅಮೆರಿಕದವರ ಆಟದಲ್ಲಿ ಸೋತದ್ದು ಪದ ಗೊತ್ತಿಲ್ಲದ್ದಕ್ಕಲ್ಲ, ಕಟ್ಟಿದವರ ಊರು ಗೊತ್ತಿಲ್ಲದ್ದಕ್ಕೆ.

ಇನ್ನು ಉಳಿದ ನಾಲ್ಕು. ನೊಗ, ಕುಂಟೆ, ಕೂರಿಗೆ, ಹಲುಬೆ.

ಈ ಆಟದಲ್ಲಿ ಎಲ್ಲರಿಗೂ ಗೊತ್ತಿರೋ ಉಪಾಯ ಒಂದಿದೆ. ಮೂರು ಗುಂಪು ಸರಿ ಮಾಡಿದರೆ ಸಾಕು, ನಾಲ್ಕನೆಯದು ತಾನೇ ಬೀಳುತ್ತೆ. ಏನೂ ಗೊತ್ತಿರಬೇಕಾಗಿಲ್ಲ. ಅಕ್ಕನ ಮಗಳು ಮಾಡಿದ್ದು ಅದನ್ನೇ. ಬಿಡಿಸಿ ಮುಗಿಸಿ ಫೋನ್ ಮಾಡಿದಳು.

"ಮಾವ, ಎಲ್ಲಾ ಬಿಡಿಸಿದೆ. ಒಂದೇ ತಪ್ಪು."

"ಭೇಷ್ ಪುಟ್ಟಿ. ಕೊನೇ ಗುಂಪು ಏನು ಹೇಳು?"

"ಅದು ಉಳಿದಿದ್ದು ಮಾವ."

"ಉಳಿದಿದ್ದು ಸರಿ, ಏನವು?"

"ಗೊತ್ತಿಲ್ಲ. ಉಳಿದಿದ್ದು, ಅಷ್ಟೇ."

ತಪ್ಪು ಅವಳದ್ದಲ್ಲ. ಅವಳು ಆಟವನ್ನ ಚೆನ್ನಾಗೇ ಆಡಿದಳು. ಅಳತೆ ಇನ್ನೂ ಅಡುಗೆಮನೆಯಲ್ಲಿ ಉಳಿದಿದೆ. 1956ರಲ್ಲಿ ತೂಕ ಅಳತೆ ಕಾಯ್ದೆ ಬಂದು ಕಿಲೋ ಲೀಟರ್ ಆದಮೇಲೂ ಪಾವು ಹೋಗಲಿಲ್ಲ, ಯಾಕೆಂದರೆ ಅಕ್ಕಿ ಡಬ್ಬದೊಳಗೆ ಕೂತಿತ್ತು. ನಕ್ಷತ್ರಗಳು ಕ್ಯಾಲೆಂಡರಿನಲ್ಲಿವೆ, ಹುಡುಗಿಯರ ಹೆಸರಿನಲ್ಲಿವೆ. ಆದರೆ ಟ್ರ್ಯಾಕ್ಟರ್ ಬಂದಮೇಲೆ ಕೂರಿಗೆಗೆ ಜಾಗ ಎಲ್ಲಿದೆ? ನಮ್ಮ ಮನೆಯ ಹಲುಬೆ ಅಟ್ಟದ ಮೇಲಿದೆ, ಹಲ್ಲು ಕೆಲವು ಮುರಿದಿವೆ. ನಮ್ಮಪ್ಪ ಹೋದಮೇಲೆ ಅದನ್ನ ಯಾರೂ ಇಳಿಸಿಲ್ಲ. ನಾನು ಹೊಲದ ಬದುವಿನ ಮೇಲೆ ಕೂತು ನೋಡಿದ್ದೀನಿ, ಹೊಡೆದಿಲ್ಲ. ಅಂದರೆ ಪದ ನನಗೆ ಗೊತ್ತು, ಕೆಲಸ ಗೊತ್ತಿಲ್ಲ. ಅವಳಿಗೆ ಪದವೂ ಗೊತ್ತಿಲ್ಲ. ನಮ್ಮಿಬ್ಬರ ನಡುವೆ ಬಹಳ ದೂರವೇನಿಲ್ಲ.

ಮುಂದಿನ ಭಾನುವಾರ ಎಲ್ಲರೂ ಊರಿಗೆ ಹೋಗಿದ್ದೆವು. ಹದಿನಾರು ಪದಾನೂ ಅವ್ವನಿಗೆ ಓದಿ ಹೇಳಿದೆ. ಅವ್ವ ಓದಿದವಳಲ್ಲ. ಮಳೆ ನಾಲ್ಕನ್ನ ಕೇಳುತ್ತಲೇ ಬೇರೆ ಮಾಡಿದಳು. ಅಳತೆ ಐದೂ ಒಟ್ಟಿಗೆ ಇಟ್ಟಳು, ಪ-ಹ ಆಟ ಅವಳಿಗೆ ಬೇಕಾಗಲಿಲ್ಲ. ಕೊನೇ ಗುಂಪಿಗೆ ಬಂದಾಗ ತಕರಾರು ತೆಗೆದಳು.

"ನೊಗವ ಯಾಕ್ಲಾ ಇವುರ್ ಜೊತೆ ಮಡಗಿದ್ದೀಯ?"

"ಎಲ್ಲಾ ಬೇಸಾಯದ ಸಾಮಾನಲ್ವೇನವ್ವ?"

"ಕೂರ್ಗೆ ಬಿತ್ತಾಕೆ. ಕುಂಟೆ ಕಳೆಗೆ. ಅಲುಬೆ ಪೈರು ವಸಿ ತೆಳುವಾಗ್ಲಿ ಅಂತ. ಇವೆಲ್ಲ ಎತ್ತಿನ ಹಿಂದೆ ಓಗೋವು. ನೊಗ ಎತ್ತಿನ ಎಗಲ ಮ್ಯಾಲೆ ಇರೋದು. ನೊಗ ಇಲ್ದೆ ಯಾವ್ದೂ ನಡೆಯಕಿಲ್ಲ. ಅದು ಎಲ್ಲಾದುಕ್ಕೂ ಸೇರಿದ್ದು, ಇವುರ ಸಾಲಿಗೆ ಸೇರಿದ್ದಲ್ಲ."

ಬಿಇ ಮಾಡಿದವನು ನಾನು, ದಿನಾ ಆಫೀಸಿನಲ್ಲಿ ಮಾಡೋ ಕೆಲಸವೇ ಯಾವುದನ್ನ ಯಾವುದರ ಕೆಳಗಿಡಬೇಕು ಅನ್ನೋದು. ಬಾಯಿ ಮುಚ್ಚಿಕೊಂಡು ಕೇಳಿದೆ. ನಾನು ದೂರದಿಂದ ನೋಡಿ 'ಬೇಸಾಯದ ಸಾಮಾನು' ಅಂತ ಒಂದು ಚೀಲಕ್ಕೆ ತುಂಬಿದ್ದೆ. ಅವಳು ಯಾವುದು ಯಾವ ಕೆಲಸಕ್ಕೆ, ಯಾವುದು ಯಾವುದರ ಹಿಂದೆ ಅಂತ ಬಿಡಿಸಿಟ್ಟಳು. ನೊಗ ತೆಗೆದು ನೇಗಿಲು ಹಾಕು ಅಂದಳು. ಹಾಕಿದ್ದೀನಿ. ನಿಮಗೆ ಮೇಲೆ ಕೊಟ್ಟಿರೋದು ಹಳೇ ತಪ್ಪು ಆಟ, ಬೇಕಂತಲೇ ಹಾಗೇ ಬಿಟ್ಟೆ.

ಅಕ್ಕನ ಮಗಳು ಅಷ್ಟು ಹೊತ್ತಿಗೆ ಅಟ್ಟಕ್ಕೆ ಏಣಿ ಹಾಕಿದ್ದಳು. ಹಲುಬೆ ಇಳಿಸೋಕೆ ಇಬ್ಬರು ಬೇಕಾಯ್ತು. ಧೂಳು ಒರೆಸಿ ಅಂಗಳದಲ್ಲಿಟ್ಟ ಮೇಲೆ ಹಲ್ಲು ಎಣಿಸಿ, "ಇದಕ್ಕೇ ಹಲುಬೆ ಅನ್ನೋದಾ ಅಜ್ಜಿ, ಹಲ್ಲಿರೋದಕ್ಕಾ?" ಅಂದಳು. ಅವ್ವ, "ನಂಗೇನ್ ಗೊತ್ತು ಮಗಾ, ಇರ್ಬೋದು ಕನ" ಅಂತ ನಕ್ಕಳು. ಆಮೇಲೆ ಒಂದು ಕೈ ಮೇಣಿಯ ಮೇಲಿಟ್ಟು, ಹೇಗೆ ಹಿಡಿಯೋದು ಅಂತ ತೋರಿಸೋಕೆ ಶುರು ಮಾಡಿದಳು.

ಉಪಾಯಗಳ ಪಟ್ಟಿಗೆ ಕೊನೆಯದೊಂದು ಸೇರಿಸಿಕೊಳ್ಳಿ. ಮೂರು ಗುಂಪು ಮುಗಿದು ನಾಲ್ಕನೆಯದು ತಾನಾಗಿ ಬಿದ್ದಾಗ ಆಟ ಮುಚ್ಚಬೇಡಿ. ಉಳಿದ ನಾಲ್ಕು ಪದ ಏನು ಅಂತ ಮನೆಯಲ್ಲಿ ಹಿರಿಯರಿದ್ದರೆ ಅವರನ್ನ ಕೇಳಿ. ಅವರು ನಿಮ್ಮ ಗುಂಪೇ ತಪ್ಪು ಅನ್ನಬಹುದು.